ಸುಧಾರಾಣಿಯವರು ಒಪ್ಪದ ಲಾಭ

ಹಾವೇರಿ ಜಿಲ್ಲೆಯ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಸಾಲ ಹಂಚಿ ಹೆಸರಾದವರು ಹಲವರಿದ್ದಾರೆ. ಕೊಟ್ಟ ಸಾಲದ ನಿಜಸ್ಥಿತಿಯನ್ನು ಮುಚ್ಚಿಡದೆ ಹೇಳಿ ಗೌರವ ಗಳಿಸಿದವರಲ್ಲಿ ಶ್ರೀಮತಿ ಸುಧಾರಾಣಿಯವರು ಅಗ್ರಗಣ್ಯರು. ಮೂವತ್ತಾರು ವರ್ಷಗಳ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಕೆಲಸ ಕಲಿತ ನಾನು ಬರೆಯುತ್ತಿರುವುದು ಅಭಿನಂದನೆಯೂ ಹೌದು, ತಪ್ಪೊಪ್ಪಿಗೆಯೂ ಹೌದು.

ರಾಣೆಬೆನ್ನೂರಿನಲ್ಲಿ ಗುಮಾಸ್ತೆಯಾಗಿ ಸೇರಿದ ಅವರು 2016ರಲ್ಲಿ ಬ್ಯಾಡಗಿ ಶಾಖೆಗೆ ವ್ಯವಸ್ಥಾಪಕಿಯಾಗಿ ಬಂದರು. ನಾನು ಅಲ್ಲಿ ಹೊಸ ಸಾಲಾಧಿಕಾರಿ. ನನ್ನ ತಾಯಿಯ ಶಸ್ತ್ರಚಿಕಿತ್ಸೆಯಾದಾಗ ಹನ್ನೆರಡು ದಿನ ನನ್ನ ಮೇಜಿನ ಕೆಲಸವನ್ನೂ ತಾವೇ ಮಾಡಿ, ಅದನ್ನು ಯಾರೆದುರೂ ಎತ್ತಿ ಆಡಲಿಲ್ಲ.

2018ರ ಮಾರ್ಚ್‌ನಲ್ಲಿ ನಮ್ಮ ಅತಿ ದೊಡ್ಡ ಸಾಲಗಾರರಾದ ಮೆಣಸಿನಕಾಯಿ ವ್ಯಾಪಾರಿ ಗುಡದಪ್ಪನವರ ಕಂತು ನಿಂತು ಮೂರು ತಿಂಗಳು ಮೀರಿತ್ತು. ದರ ಕುಸಿದು ಮಾಲೆಲ್ಲ ಶೀತಲಗೃಹದಲ್ಲಿತ್ತು. ತೊಂಬತ್ತು ದಿನ ಮೀರಿದ ಬಾಕಿಯನ್ನು ಅನುತ್ಪಾದಕ ಸಾಲವೆಂದು ತೋರಿಸಿ, ಆಗಬಹುದಾದ ನಷ್ಟಕ್ಕೆ ಲಾಭದಿಂದ ಹಣ ತೆಗೆದಿಡಬೇಕೆಂಬುದು ನಿಯಮ. ಹಾಗೆ ಮಾಡಿದರೆ ಶಾಖೆಯ ವರ್ಷದ ಲಾಭವೇ ಇಲ್ಲವಾಗುತ್ತಿತ್ತು. ಅದರೊಂದಿಗೆ ನಮ್ಮ ಪ್ರೋತ್ಸಾಹಧನ ಮತ್ತು ಸುಧಾರಾಣಿಯವರಿಗೆ ಬರಬೇಕಿದ್ದ ಬಡ್ತಿ ಕೂಡ. ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿದಂತೆ ತೋರಿಸಿರೆಂದು ಮೇಲಧಿಕಾರಿಯೊಬ್ಬರು ಫೋನಿನಲ್ಲಿ ಸೂಚಿಸಿದರು.

“ಎಲ್ಲಾರೂ ಹಿಂಗ ಮಾಡ್ತಾರ್ರಿ ಮೇಡಂ. ಒಂದು ಸಹಿ ಹಾಕಿದ್ರ ಮುಗೀತು,” ಎಂದೆ ನಾನು.

“ರೊಕ್ಕ ಇಟ್ಟ ಮಂದಿಗೆ ಸುಳ್ಳು ಹೇಳಿದಂಗ ಆಗತೈತಿ, ಕಿರಣಕುಮಾರ. ಇದ್ದದ್ದು ಇದ್ದಂಗ ಬರೀರಿ,” ಎಂದರು.

ಮರುದಿನ ನನ್ನನ್ನೂ ಕರೆದುಕೊಂಡು ಗುಡದಪ್ಪನವರ ಅಂಗಡಿಗೆ ಹೋದರು. ಅವರು ಸಿಡಿದೆದ್ದರು: “ಇಪ್ಪತ್ತು ವರ್ಷದ ಗಿರಾಕಿ ನಾನು! ಊರಾಗ ನನ್ನ ಮರ್ಯಾದಿ ತಗೀತೀರೇನ್ರಿ?”

“ಉಳಿಸಾಕ ಬಂದೇನ್ರಿ. ಹೊಸಾ ಸಾಲ ತಗೊಂಡ್ರ ಬಡ್ಡಿ ಇನ್ನೂ ಬೆಳೀತೈತಿ. ಮಾಲು ಸ್ವಲ್ಪ ಸ್ವಲ್ಪ ಮಾರ್ರಿ. ಯಾವಾಗ ಎಷ್ಟು ಕಟ್ಟತೀರಿ, ಕುಂತು ಬರಿಯೋಣು,” ಎಂದರು ಮೇಡಂ.

ಗುಡದಪ್ಪನವರು ಲೆಕ್ಕದ ಪುಸ್ತಕ ತೆಗೆದು ಮುಂದಿಟ್ಟರು. ಆಮೇಲೆ ಚಹಾ ತರಿಸಿದರು.

ಆ ವರ್ಷ ಶಾಖೆ ನಷ್ಟ ತೋರಿಸಿತು. ಮೇಡಂ ಅವರಿಗೆ ಬಡ್ತಿ ತಪ್ಪಿ, ಹಾವೇರಿಯ ಕಚೇರಿಯೊಂದರ ಕಡತ ವಿಭಾಗಕ್ಕೆ ವರ್ಗವಾಯಿತು. ಬೀಳ್ಕೊಡುಗೆಯ ದಿನ, ಪ್ರೋತ್ಸಾಹಧನ ಕೈತಪ್ಪಿದ ಸಿಟ್ಟಿನಲ್ಲಿ ಅವರೊಡನೆ ಮಾತಾಡದವರಲ್ಲಿ ನಾನೂ ಒಬ್ಬ. ನಮ್ಮನ್ನು ಮೊದಲೇ ಕೂರಿಸಿಕೊಂಡು ವಿವರಿಸಬಹುದಿತ್ತೆಂದು ಇಂದಿಗೂ ನನಗನ್ನಿಸುತ್ತದೆ; ಆದರೂ ನಾನು ನಡೆದುಕೊಂಡ ರೀತಿಗೆ ಅದು ಸಮರ್ಥನೆಯಲ್ಲ.

ಎರಡು ವರ್ಷ ಕಳೆಯಿತು. ತಪಾಸಣೆಯಲ್ಲಿ ಬೇರೆ ನಾಲ್ಕು ಶಾಖೆಗಳ ಹೊಸ ಸಾಲದಿಂದ ತೇಪೆ ಹಚ್ಚಿದ ಹಳೆಯ ಸಾಲಗಳು ಬಯಲಾಗಿ, ಹಲವು ವರ್ಷಗಳ ಲಾಭ ಒಮ್ಮೆಲೇ ಕರಗಿತು. ಬ್ಯಾಡಗಿಯಲ್ಲಿ ಮಾತ್ರ ಗುಡದಪ್ಪನವರು ಕೊನೆಯ ಕಂತನ್ನೂ ಕಟ್ಟಿದ್ದರು. ತೆಗೆದಿಟ್ಟ ಹಣ ಮರಳಿ ಲಾಭಕ್ಕೆ ಸೇರಿ ನಮ್ಮ ಶಾಖೆ ಜಿಲ್ಲೆಗೇ ಮೊದಲಾಯಿತು. ಕ್ಷಮೆ ಕೇಳಲು ನಾನು ಹಾವೇರಿಗೆ ಹೋದೆ.

“ನಿಮ್ಮ ಸಿಟ್ಟೂ ಖರೇನ ಇತ್ತು ಬಿಡ್ರಿ. ಮನ್ಯಾಗ ತಾಯಿ ಔಷಧದ ಖರ್ಚಿತ್ತು, ನನಗ ಗೊತ್ತಿತ್ತು,” ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು.

ಆ ಬಡ್ತಿ ಅವರಿಗೆ ಕೊನೆಗೂ ಬರಲಿಲ್ಲ. ಕಡತಗಳ ನಡುವೆಯೇ ಒಂದು ಕೋಣೆ ಕೇಳಿ ಪಡೆದು, ಹೊಸ ಅಧಿಕಾರಿಗಳಿಗೆ ಪ್ರತಿ ಶನಿವಾರ ಪಾಠ ಹೇಳಿದರು. ಆ ಪಾಠಗಳನ್ನೀಗ ಕನ್ನಡದಲ್ಲಿ ಪುಸ್ತಕವಾಗಿಸುತ್ತಿದ್ದಾರೆ. ಅದು ಬೇಗ ಅಚ್ಚಾಗಲಿ. ನಿಯಮಗಳು ಬದಲಾದಂತೆಲ್ಲ ಅದರ ಹತ್ತನೆಯ ಮುದ್ರಣವನ್ನೂ ತಮ್ಮ ಕೈಯಾರೆ ತಿದ್ದುವಷ್ಟು ಆಯುರಾರೋಗ್ಯ ಅವರಿಗಿರಲಿ.