‘ಮುಗೀತು’ ಎಂದು ನನ್ನ ಮೈಗೆ ಹೇಳಿಕೊಟ್ಟವಳು

ನಮ್ಮ ಮನೆಗೆಲಸದ ಮೌಶಿಯ ಅಂಗೈಗಳು ಯಾವಾಗಲೂ ಬಿಸಿ. ಅರ್ಧ ತಾಸು ತಣ್ಣೀರಿನಲ್ಲಿ ಭಾಂಡೆ ತಿಕ್ಕಿ, ಸೆರಗಿಗೆ ಒರೆಸಿಕೊಂಡು ಬಂದು ಮುಟ್ಟಿದರೂ ಬಿಸಿ. ಆದರೆ ಬಲು ಒರಟು. ವಿಜಯಪುರದ ಕಡೆಯಿಂದ ಗೋವೆಗೆ ಬಂದ ಹೊಸದರಲ್ಲಿ ಎಂಟು ವರ್ಷ ಸಿಮೆಂಟಿನ ಬುಟ್ಟಿ ಹೊತ್ತು ಚರ್ಮ ಅಲ್ಲಲ್ಲಿ ಸೀಳಿ ಮತ್ತೆ ಕೂಡಿತ್ತು. ಎಡಗೈ ಹೆಬ್ಬೆರಳಿಗೆ ಅರ್ಧವೇ ಉಗುರು. ಪರ್ವರಿಯ ನಮ್ಮ ಮನೆಯ ನೆಲ ಒರೆಸುವ ಆ ಕೈಗಳನ್ನು ನಾಲ್ಕು ವರ್ಷ ದಿನವೂ ನೋಡಿದ್ದೆ. ಅವಕ್ಕೆ ಬೇರೊಂದು ವಿದ್ಯೆಯೂ ಬರುತ್ತದೆಂದು ಗೊತ್ತಿರಲಿಲ್ಲ. ಕೇಳಿದರೆ ತಾನೇ ಗೊತ್ತಾಗುವುದು!

ನಮ್ಮದು ಧಾರವಾಡದಿಂದ ಬಂದ ಬಟ್ಟೆ ವ್ಯಾಪಾರಿಗಳ ಮನೆತನ. ಗಂಡ ಅಂಗಡಿ ನೋಡಿಕೊಳ್ಳುತ್ತಾರೆ, ನಾನು ನದಿಯಾಚೆ ಪಣಜಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಅದಕ್ಕೇ ಮೌಶಿ, ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ, ನನ್ನನ್ನು ‘ಅಕ್ಕಾರ’ ಎನ್ನುತ್ತಾಳೆ. ಒಂದು ಜನವರಿಯಲ್ಲಿ ಮಾಂಡೋವಿ ಸೇತುವೆಯ ಮೇಲೆ ಟ್ರಕ್ಕೊಂದು ಹಾರ್ನ್ ಹೊಡೆಯುತ್ತಲೇ ಹಿಂದಿನಿಂದ ಬಂದು ನನ್ನ ಸ್ಕೂಟರಿಗೆ ತಾಗಿತು. ಬಿದ್ದೆ. ಭುಜದ ಎಲುಬು ಬಿರುಕು ಬಿಟ್ಟಿತ್ತು, ಎರಡು ತಿಂಗಳಲ್ಲಿ ಕೂಡಿತು. ಕೂಡದೆ ಉಳಿದದ್ದು ಬೇರೆ. ಹಾರ್ನ್ ಕಿವಿಗೆ ಬಿದ್ದರೆ ಸಾಕು, ಎದೆ ಡವಡವ, ಉಸಿರು ಅರ್ಧಕ್ಕೇ ನಿಲ್ಲುವುದು. ಬಸ್ಸು ಹತ್ತಿದರೂ ಸೇತುವೆ ಬರುವ ಮೊದಲೇ ಇಳಿದುಬಿಡುತ್ತಿದ್ದೆ. ಡಾಕ್ಟರು ಇದು ಹೆದರಿದ ಮೈಯ ಕೆಲಸ ಎಂದು ಗುಳಿಗೆ ಕೊಟ್ಟರು. ಶಾಲೆಯವರು ಜೂನ್‌ವರೆಗೆ ರಜೆ ಕೊಟ್ಟು, ಶಾಲೆ ಶುರುವಾಗುವ ದಿನ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಹದಿನಾಲ್ಕು ವರ್ಷದ ಕೆಲಸ. ಅದು ಹೋದರೆ ಅಡುಗೆಮನೆಯಲ್ಲಿ ಕೂತು ನಾನು ಯಾರಿಗೆ ಬೀಜಗಣಿತ ಹೇಳಲಿ?

ಯಾರೋ ಹೇಳಿದರೆಂದು ಗಂಡ ನನ್ನನ್ನು ಕಾಲೊನಿಯ ಹಾಲ್‌ನಲ್ಲಿ ನಡೆಯುವ, ಮೈಮೇಲೆ ಅಂಗೈ ಇಟ್ಟು ನೆಮ್ಮದಿ ಕೊಡುವ ರೇಖಿ ತರಗತಿಗೆ ಕಳಿಸಿದರು. ಏಸಿ, ಅಗರಬತ್ತಿ, ಕೊಳಲಿನ ರೆಕಾರ್ಡು. ವಿಶ್ವದ ಶಕ್ತಿ ನಿಮ್ಮೊಳಗೆ ಇಳಿಯುತ್ತಿದೆ ಎಂದು ಕಲಿಸುವವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನನ್ನೊಳಗೆ ಇಳಿದದ್ದು ಏಸಿಯ ಥಂಡಿ ಒಂದೇ. ಮೂಗು ಸುರಿಸುತ್ತ ಮನೆಗೆ ಬಂದು “ಸುಡುಗಾಡು ರೇಖಿ!” ಎಂದು ಬೈದೆ.

ಪಾತ್ರೆ ತೊಳೆಯುತ್ತಿದ್ದ ಮೌಶಿ ತಿರುಗಿ ನೋಡಿದಳು. “ರೇಖಿಗ್ಯಾಕ ಬೈತೀರಿ ಅಕ್ಕಾರ? ನಿಮ್ಮ ಭುಜಾ ನೋಡ್ಕೋರಿ, ಕಿವೀಗೆ ಹತ್ಯಾವ. ಅವನ್ನ ಯಾರೂ ಇಳಸ್ಲೇ ಇಲ್ಲೇನ್ರಿ?”

ಆಗ ತಿಳಿಯಿತು. ನಮ್ಮ ಮನೆಗೆ ಬರುವ ಮೊದಲು ಅವಳು ಕಡಲದಂಡೆಯ ಹತ್ತಿರ ಒಬ್ಬ ವಿದೇಶಿ ಮುದುಕಿಯ ಮನೆಯಲ್ಲಿ ಆರು ವರ್ಷ ಕಸ ಹೊಡೆದಿದ್ದಳು. ಆ ಮುದುಕಿ ರೇಖಿ ಮಾಡುವಾಕೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳನ್ನು ಒಳಗೆ ಕರೆದು ಕಲಿಸಿದ್ದಳು. ನದಿಯಾಚೆ, ತಾನಿರುವ ಚಿಂಬಲ್‌ನ ಸಾಲು ಖೋಲಿಗಳಲ್ಲಿ, ದಿನಗೂಲಿ ಮುಗಿಸಿ ಬರುವ ಹೆಂಗಸರಿಗೆ ಮೌಶಿ ಪ್ರತಿ ಭಾನುವಾರ ಕೈ ಇಡುತ್ತಿದ್ದಳಂತೆ.

“ನಮಗ್ಯಾಕ ಹೇಳಲಿಲ್ಲ ಮೌಶಿ?”

“ನೀವು ಭಾಂಡೆ ತಿಕ್ಕಾಕ ಕರದಿದ್ರಿ. ಭಾಂಡೆ ತಿಕ್ಕಿದ್ನಿ.” ಹಾಗೆಂದು ಕೈ ಒರೆಸಿಕೊಂಡು ಬಂದು, ನನ್ನನ್ನು ಕೂರಿಸಿ ತಲೆಯ ಮೇಲೆ ಕೈ ಇಟ್ಟಳು.

ಮೌಶಿಯ ಚಹಾದ ಲೋಟವನ್ನು ಬಾಲ್ಕನಿಯ ಕಿಟಕಿಯಲ್ಲಿ ಬೇರೆ ಇಟ್ಟಿದ್ದ ಮನೆ ನಮ್ಮದು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಂಥ ಮನೆಯ ಸೊಸೆಯ ತಲೆಯ ಮೇಲೆ ಕೆಲಸದವಳು ಕೈ ಇಟ್ಟು ನಿಂತದ್ದನ್ನು ನಮ್ಮತ್ತೆ ನೋಡಿದರು. ಮುಖ ಕಪ್ಪಿಟ್ಟಿತು. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ ನಾನು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದೆ, ಅದನ್ನೂ ನೋಡಿದರು. ಎರಡು ದಿನ ಯೋಚಿಸಿ ತಮಗೆ ಒಗ್ಗುವ ದಾರಿಯೊಂದನ್ನು ಹುಡುಕಿಕೊಂಡರು: ಇವಳ ಮೈಮೇಲೆ ದೇವಿ ಬರುತ್ತಾಳೆ! ಕೆಲಸದಾಕೆ ಕೈ ಇಟ್ಟರೆ ಮನೆತನ ಹೋಗುತ್ತದೆ, ದೇವಿ ಇಟ್ಟರೆ ಪುಣ್ಯ ಬರುತ್ತದೆ. ಶುಕ್ರವಾರ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದು ಮೌಶಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ಹೊರಟರು. ಕಾಲಿಗೂ ಬಿದ್ದರು.

ಮೌಶಿ ಮಣೆ ಬಿಟ್ಟು ಎದ್ದಳು. “ಏಳ್ರಿ ಅವ್ವಾರ. ನನ್ನ ಮೈಮ್ಯಾಲೆ ಯಾವ ದೇವೀನೂ ಬರೂದಿಲ್ಲ. ಅಕ್ಕಾರು ಲೆಕ್ಕಾ ಕಲತಂಗ ನಾ ಇದನ್ನ ಕಲತೇನಿ. ಉಡಿ ಬ್ಯಾಡ್ರಿ, ಒಂದ ಕುರ್ಚಿ ಕೊಡ್ರಿ. ನಿಂತು ನಿಂತು ಟೊಂಕ ಹಿಡದೈತಿ.”

ಅತ್ತೆ ತೆಂಗಿನಕಾಯಿ ಹಿಡಿದುಕೊಂಡೇ ಎದ್ದರು. ದೇವಿಗೆ ಏನು ಕೊಡಬೇಕೆಂದು ಅವರಿಗೆ ಗೊತ್ತಿತ್ತು, ಮನುಷ್ಯಳಿಗೆ ಕುರ್ಚಿ ಕೊಡುವುದು ಗೊತ್ತಿರಲಿಲ್ಲ. ಕೊನೆಗೆ ಊಟದ ಮೇಜಿನ ಕುರ್ಚಿಯನ್ನು ತಾವೇ ಎಳೆದು ತಂದರು. ಆ ಕಾಯಿ ಚಟ್ನಿಯಾಯಿತು. ಅಂದು ಮೌಶಿಗೆ ಚಹಾ ನಮ್ಮ ಲೋಟದಲ್ಲೇ ಬಂತು.

ಅಂದಿನಿಂದ ದಿನವೂ ಒಂದು ತಾಸು. ತಲೆ, ಕಣ್ಣು, ಗಂಟಲು, ಎದೆ, ಹೊಟ್ಟೆ, ಹೀಗೆ ಕೈ ಇಳಿಯುತ್ತ ಹೋಗುವುದು. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಸುಮ್ಮನೆ ಇಡುವುದು. “ಉಸಿರು ಎಳೀಬ್ಯಾಡ್ರಿ, ಬಿಡ್ರಿ. ಬಿಟ್ಟರ ತಾನ ಬರತೈತಿ” ಎನ್ನುವಳು. “ಗುಳಗಿ ತಗೊಂಡ್ರೇನು?” ಎಂದು ಕೇಳದೆ ಶುರುಮಾಡುತ್ತಿರಲಿಲ್ಲ. ಒಮ್ಮೆ ನಾನು ಅತ್ತಾಗ ಹೇಳಿದಳು: “ಟ್ರಕ್ಕು ಬಡದದ್ದು ಒಂದ ಸಲ. ನಿಮ್ಮ ಮೈ ಇನ್ನೂ ಬಡಸ್ಕೊಳ್ಳಾಕತ್ತೈತಿ. ಮುಗೀತು ಅಂತ ಅದಕ್ಕ ಯಾರೂ ಹೇಳೇ ಇಲ್ಲ. ಬಾಯಿಲೆ ಹೇಳಿದ್ರ ಮೈಗೆ ತಿಳಿಯೂದಿಲ್ರಿ, ಕೈಲೆ ಹೇಳಬೇಕು.” ಅದು ಶಕ್ತಿಯೋ, ಬರೀ ಬಿಸಿ ಅಂಗೈಯ ನೆಮ್ಮದಿಯೋ, ಗಣಿತದವಳಾದ ನಾನು ಸಾಧಿಸಿ ತೋರಿಸಲಾರೆ. ಎದೆಬಡಿತ ಇಳಿದದ್ದು ಮಾತ್ರ ಖರೆ.

ಮೇ ತಿಂಗಳಲ್ಲಿ ಮೌಶಿ ನನ್ನ ಗಂಡನನ್ನು ಕೆಳಗೆ ಕಳಿಸಿ ಕಾರಿನ ಹಾರ್ನ್ ಹೊಡೆಸತೊಡಗಿದಳು. ಯಾರ ಮಾತನ್ನೂ ಕೇಳದ ಮನುಷ್ಯ ಅವಳು ಕಿಟಕಿಯಿಂದ ಕೈ ಬೀಸಿದಾಗಲೆಲ್ಲ ಹಾರ್ನ್ ಒತ್ತುತ್ತಿದ್ದರು. ಕಾಲೊನಿಯವರು ಬೈದರು. ಮೌಶಿ ಬಿಡಲಿಲ್ಲ. ಮೊದಲು ಅವಳ ಕೈ ನನ್ನ ಎದೆಯ ಮೇಲೆ, ಆಮೇಲೆ ನನ್ನದೇ ಕೈ. “ನನ್ನ ಕೈ ಸಂಜೀಕ ಚಿಂಬಲ್‌ಗೆ ಹೋಗತಾವ. ನಿಮ್ಮವು ನಿಮ್ಮ ಹಂತ್ಯಾಕ ಇರತಾವ” ಎಂದಳು.

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಏಳಕ್ಕೇ ಮೌಶಿ ಬಾಗಿಲಲ್ಲಿದ್ದಳು. “ಭಾಂಡೆ ಆಮ್ಯಾಲ. ನಡೀರಿ” ಎಂದು ಸ್ಕೂಟರಿನ ಹಿಂದೆ ಕೂತಳು. ಜಿಟಿಜಿಟಿ ಮಳೆ. ಸೇತುವೆ ಹತ್ತಿದೆವು. ನಡುವಿಗೆ ಬರುತ್ತಲೇ ಹಿಂದಿನಿಂದ ಟ್ರಕ್ಕೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಮೈ ಕಟ್ಟಿಗೆಯಾಯಿತು. ಅಂಚಿಗೆ ಸರಿದು ಗಾಡಿ ನಿಲ್ಲಿಸಿಬಿಟ್ಟೆ.

ಮೌಶಿ ನನ್ನನ್ನು ಮುಟ್ಟುತ್ತಾಳೆಂದು ಕಾದೆ. ಮುಟ್ಟಲಿಲ್ಲ. ಕೆಳಗಿಳಿದು ಗಾಡಿಯ ಹಿಂದೆ ನಿಂತು ಎರಡೂ ಕೈ ಅಗಲಿಸಿದಳು. “ರಾವ್ ರೇ!” ಎಂದು ಕೊಂಕಣಿಯಲ್ಲಿ ಗದರಿದಳು, “ರುಕೋ!” ಎಂದು ಹಿಂದಿಯಲ್ಲಿ, ಕೊನೆಗೆ ಅಪ್ಪಟ ಊರಿನ ಮಾತಿನಲ್ಲಿ: “ನಿಂದ್ರೋ ಬಾಡ್ಯಾ! ಅಕ್ಕಾರು ಉಸಿರು ಬಿಡಾಕತ್ತಾರ!” ಹಿಂದೆ ನಿಂತ ಗಾಡಿಗಳೆಲ್ಲ ಒಟ್ಟಿಗೇ ಹಾರ್ನ್ ಹೊಡೆದವು. ಆ ಗದ್ದಲದ ನಡುವೆ ಒಂದು ಕೈ ಎದೆಗೆ, ಒಂದು ಹೊಟ್ಟೆಗೆ ಇಟ್ಟುಕೊಂಡು ಉಸಿರು ಬಿಟ್ಟೆ. ಮತ್ತೆ ಬಿಟ್ಟೆ. ಎದೆ ಓಡಿತು, ತಡವರಿಸಿತು, ಆಮೇಲೆ ನಡೆಯಿತು. ಇಪ್ಪತ್ತು ಹಾರ್ನ್ ಕೂಗುತ್ತಿದ್ದವು, ನನ್ನ ಭುಜಗಳು ಇದ್ದಲ್ಲೇ ಇದ್ದವು. ನಗು ಬಂತು. “ಹತ್ರಿ ಮೌಶಿ!” ಎಂದು ಕೂಗಿದೆ.

ಪಣಜಿಯ ದಡದಲ್ಲಿ ಅವಳನ್ನು ತಬ್ಬಿಕೊಂಡು, “ನೀವು ದಾಟಿಸಿದ್ರಿ” ಎಂದೆ. “ಗಾಡಿ ಹೊಡದಾಕಿ ನೀವು. ನಾ ಬರೇ ಬೈದಾಕಿ” ಎಂದು ಪರ್ವರಿಯ ಬಸ್ಸು ಹತ್ತಿ ಹೊರಟೇಬಿಟ್ಟಳು. ನಾನು ಶಾಲೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಇಡೀ ಹೆಸರು ಬರೆದು ಸಹಿ ಹಾಕಿದೆ. ಸಂಜೆ ಕರೆದೊಯ್ಯಲು ಬರುತ್ತೇನೆಂದ ಗಂಡನಿಗೆ ಬೇಡವೆಂದು ಹೇಳಿ, ಒಬ್ಬಳೇ ಸೇತುವೆ ದಾಟಿ ಮನೆ ಮುಟ್ಟಿ ಮೌಶಿಗೆ ಫೋನ್ ಮಾಡಿದೆ.

“ಒಬ್ಬಾಕಿನ ಬಂದೆ ಮೌಶಿ!”

“ಚಲೋ ಆತು. ಹಂಗಾರ ಶನಿವಾರ ಸಾಲಿ ಬಿಟ್ಟಮ್ಯಾಲೆ ನನ್ನ ಚಿಂಬಲ್‌ತನಕಾ ಬಿಟ್ಟು ಬರ್ರಿ. ಬಸ್ಸಿನ್ಯಾಗ ಭಾಳ ಗದ್ಲ.”

ಈಗಲೂ ಪ್ರತಿ ಶನಿವಾರ ಮೌಶಿಯನ್ನು ಹಿಂದೆ ಕೂರಿಸಿಕೊಂಡು ಆ ಸೇತುವೆ ದಾಟುತ್ತೇನೆ. ಹಾರ್ನ್ ಹೊಡೆದವರನ್ನು ಬೈಯುವುದು ಅವಳ ಪಾಲು, ಗಾಡಿ ಹೊಡೆಯುವುದು ನನ್ನ ಪಾಲು.