ನಾನು ಎಣಿಸಿದ ನೀಲಿ ಚುಕ್ಕೆಗಳು

ಚೆಕ್ ದೇಶಕ್ಕೆ ಬಂದ ಮೊದಲ ದಿನ ನನ್ನ ಬರಿಗಾಲು ನೋಡಿ ಮನೆಯೊಡತಿ ಗಾಬರಿಯಾದಳು. ಮುಂಡರಗಿಯಲ್ಲಿ ಮಾಡುವಂತೆ ನಾನು ಬೂಟು ಕಳಚಿ ಒಳಗೆ ಕಾಲಿಟ್ಟಿದ್ದೆ. ಆಕೆ ಓಡಿಹೋಗಿ ಒಂದು ಜೊತೆ ಪ್ರೆಜೂವ್ಕಿ ತಂದುಕೊಟ್ಟಳು. ಮನೆಯೊಳಗೆ ಮೆಟ್ಟುವ ಚಪ್ಪಲಿಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮಲ್ಲಿ ಚಪ್ಪಲಿ ಮೆಟ್ಟಿ ಒಳಗೆ ಬಂದರೆ ಬೈಗುಳ, ಇಲ್ಲಿ ಮೆಟ್ಟದಿದ್ದರೆ.

ನಾನು ಬಂದದ್ದು ಸಸ್ಯವಿಜ್ಞಾನದ ಪ್ರಯೋಗಾಲಯವೊಂದಕ್ಕೆ. ಜೀವಕೋಶದೊಳಗೆ ಡಿಎನ್ಎ ಪೂರ್ತಿ ತುಂಡಾದಾಗ, ಗಿಡ ಅದರಂಥದೇ ಇನ್ನೊಂದು ಪ್ರತಿಯನ್ನು ಹುಡುಕಿ, ಅದನ್ನು ನೋಡಿಕೊಂಡು ತುಂಡನ್ನು ಕೂಡಿಸಬಲ್ಲದು. ಇದು ಎಷ್ಟು ಸಲ ನಡೆಯುತ್ತದೆಂದು ತಿಳಿಯಲು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಮುರಿದ ವಂಶವಾಹಿಯೊಂದನ್ನು ಸೇರಿಸಿರುತ್ತೇವೆ. ಅದು ಹೀಗೆ ಕೂಡಿಕೊಂಡ ಕಡೆಯಲ್ಲಿ, ಎಲೆಯನ್ನು ದ್ರಾವಣದಲ್ಲಿ ನೆನೆಸಿದಾಗ, ನೀಲಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆಗಳನ್ನು ಎಣಿಸುವುದು ನನ್ನ ಕೆಲಸ.

ನನಗೆ ಸಿಕ್ಕ ಕನ್ನಡದವಳು ಅಲ್ಲಿ ಒಬ್ಬಳೇ, ಲಕ್ಷ್ಮೇಶ್ವರದ ಗಿರಿಜಕ್ಕ. ಅದೇ ಪ್ರಯೋಗಾಲಯದ ಹಿರಿಯ ಸಂಶೋಧಕಿ. ಟ್ರ್ಯಾಮ್ ಹತ್ತುವುದನ್ನು ಕಲಿಸಿದವಳು ಅವಳೇ. ಜೋಳಕ್ಕೆ ಇಲ್ಲಿ ಚಿರೋಕ್ ಎನ್ನುತ್ತಾರೆ, ಅದರ ಹಿಟ್ಟು ಇಂಥ ಅಂಗಡಿಯಲ್ಲಿ ಸಿಗುತ್ತದೆ ಎಂದು ಕರೆದೊಯ್ದು ತೋರಿಸಿದವಳೂ ಅವಳೇ. ಭಾನುವಾರ ಅವಳ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮಾತಿನಲ್ಲೇ ಗದಗ, ಶಿರಹಟ್ಟಿ ಎಲ್ಲ ಸುತ್ತಿ ಬರುತ್ತಿದ್ದೆವು. ಉಳಿದ ಆರು ದಿನದ ಒಂಟಿತನವನ್ನು ಆ ಒಂದು ದಿನ ತಡೆದುಕೊಂಡಿತ್ತು.

ಮರುವರ್ಷದ ಚಳಿಗಾಲದಲ್ಲಿ, ಬೇಡವೆಂದು ಪಕ್ಕಕ್ಕಿಟ್ಟಿದ್ದ ಒಂದು ತಳಿಯ ಎಲೆಗಳಲ್ಲಿ ಚುಕ್ಕೆಗಳು ಕಿಕ್ಕಿರಿದಿದ್ದವು. ಅಂದರೆ ಈ ತಳಿ ಉಳಿದವಕ್ಕಿಂತ ಎಷ್ಟೋ ಹೆಚ್ಚು ಸಲ ತುಂಡನ್ನು ಕೂಡಿಸುತ್ತಿತ್ತು. ಮೂರು ಸಲ ಎಣಿಸಿದೆ. ಮೊದಲು ಹೇಳಿದ್ದು ಗಿರಿಜಕ್ಕನಿಗೆ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವಳೆಂದಳು: "ಇನ್ನೂ ಯಾರಿಗೂ ಹೇಳಬ್ಯಾಡ ತಂಗಿ. ಇನ್ನೊಮ್ಮಿ ಎಣಸು. ಫೋಟೋ ನನಗ ಕಳಸು, ನೋಡ್ತೀನಿ."

ಫೋಟೋ ಕಳಿಸಿ, ವಾರವಿಡೀ ಎಣಿಸಿದೆ. ಸೋಮವಾರದ ಸಭೆಯಲ್ಲಿ ಅವಳು ತನ್ನ ಹೊಸ ಶೋಧವೆಂದು ಪರದೆಯ ಮೇಲೆ ಒಂದು ಎಲೆ ತೋರಿಸಿದಳು. ಅದರ ತುದಿ ಹರಿದಿತ್ತು. ನನ್ನ ಚಿಮಟದಿಂದ ಹರಿದದ್ದು.

ಹೊರಗೆ ಬಂದ ಮೇಲೆ ಕೇಳಿದೆ. "ಅಕ್ಕಾ, ಆ ಎಲಿ ನಂದಲ್ಲೇನ್ರಿ?"

ಅವಳು ನನ್ನ ಮುಖ ನೋಡಲಿಲ್ಲ. "ನಿನಗಿನ್ನೂ ವಯಸ್ಸೈತಿ. ನನ್ನ ಕೆಲಸ ಈ ವರ್ಷಕ್ಕ ಮುಗೀತೈತಿ. ನಾ ಎಲ್ಲಿಗೆ ಹೋಗ್ಲಿ?"

ಮುಖ್ಯಸ್ಥರ ಬಳಿಗೆ ನನ್ನ ಟಿಪ್ಪಣಿ ಪುಸ್ತಕ ಒಯ್ದೆ. ಅಂಕಿಗಳಿದ್ದವು. ಆದರೆ ಮೊದಲು ಕಂಡುಕೊಂಡದ್ದು ನಾನೇ ಎಂದು ತೋರಿಸುವ ಮಾತನ್ನು, ಈ ತಳಿಯೇ ಬೇರೆ, ಮತ್ತೆ ಬೆಳೆಸಬೇಕು ಎಂಬುದನ್ನು, ಸಂಭ್ರಮದಲ್ಲಿ ಅಂಚಿನಲ್ಲಿ ಕನ್ನಡದಲ್ಲೇ ಗೀಚಿದ್ದೆ. ಅವರು ಗಿರಿಜಕ್ಕನನ್ನು ಕರೆಸಿ, ಇದರಲ್ಲೇನಿದೆ ಎಂದು ಕೇಳಿದರು. ಅವಳು ಪುಸ್ತಕವನ್ನು ಹತ್ತಿರಕ್ಕೆಳೆದು ನೋಡಿ, ಅಕ್ಷರ ಸ್ಪಷ್ಟವಿಲ್ಲ ಎಂದಳು. "ಅಕ್ಕಾ, ಓದ್ರಿ," ಎಂದೆ. ಅವಳು ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ನನ್ನ ತಾಯ್ನುಡಿಯ ಅಕ್ಷರ ಓದಬಲ್ಲ ಒಬ್ಬಳೇ ಒಬ್ಬಳು ಅದನ್ನು ಓದಲಾಗದು ಎಂದಿದ್ದಳು.

ಪ್ರಬಂಧದಲ್ಲಿ ಅವಳ ಹೆಸರು ಮೊದಲು ಬಂತು, ನನ್ನದು ನಾಲ್ಕನೆಯದು. ಅವಳ ಕೆಲಸ ಮುಂದುವರಿಯಿತು. ನಾನು ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಭಾನುವಾರ ಮನೆಯೊಡತಿಯ ಜೊತೆ ಕ್ನೆಡ್ಲೀಕಿ ತಿನ್ನುತ್ತೇನೆ, ಬೇಯಿಸಿದ ಹಿಟ್ಟಿನ ಮೆತ್ತನೆಯ ಬಿಲ್ಲೆಗಳು. ಹರುಕು ಮುರುಕು ಚೆಕ್ ಭಾಷೆಗೂ ಆಕೆ ತಾಳ್ಮೆಯಿಂದ ಕಿವಿಗೊಡುತ್ತಾಳೆ.

ರಜೆಗೆ ಮುಂಡರಗಿಗೆ ಹೋದಾಗ ಗಿರಿಜಕ್ಕನ ತಂದೆ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಮಗಳಿಗೆಂದು ಗುರೆಳ್ಳು ಚಟ್ನಿ, ಸಜ್ಜೆ ರೊಟ್ಟಿಯ ಗಂಟು ತಂದಿದ್ದರು. "ನಮ್ಮಾಕಿಗೆ ಅಲ್ಲಿ ನೀವೊಬ್ಬರ ನಮ್ಮವರು ನೋಡ್ರಿ," ಎಂದರು. ನಡೆದದ್ದನ್ನು ಅವ್ವನಿಗೂ ಹೇಳಿರಲಿಲ್ಲ, ಆ ಹಿರಿಯರಿಗೆ ಏನು ಹೇಳಲಿ? ಗಂಟು ಇಸಿದುಕೊಂಡೆ.

ಮರಳಿ ಬಂದಾಗ ಮನೆಯೊಡತಿ ಬಾಗಿಲಲ್ಲಿ "ವೀತೆಯ್ ದೋಮಾ" ಅಂದಳು, ನಿನ್ನ ಮನೆಗೆ ಸ್ವಾಗತ ಎಂದು. ಅಲ್ಲವೆನ್ನಲು ಮನಸ್ಸಾಗಲಿಲ್ಲ.

ಮರುದಿನ ಗಂಟನ್ನು ಗಿರಿಜಕ್ಕನ ಮೇಜಿನ ಮೇಲಿಟ್ಟೆ. ಅವಳು ಗಂಟಿನ ಗುರುತು ಹಿಡಿದು, ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ ಕೇಳಿದಳು: "ಅಪ್ಪ ಹೆಂಗದಾನ?"

ಆ ಮಾತಿಗೆ ನಾನು ಎಷ್ಟೋ ದಿನದಿಂದ ಹಸಿದಿದ್ದೆ. ಆದರೂ ಚೆನ್ನಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಹೋಗಿ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಎಣಿಸತೊಡಗಿದಾಗ ಮಾತ್ರ ಒಂದು, ಎರಡು, ಮೂರು ಎಂದು ಕನ್ನಡವೇ ಬಂತು.