ಐದೈದು ಕುರ್ಚಿಗಳ ಭಾಷಣ ತರಗತಿ

ಭಾಷಣದ ಮೇಡಂ ಗುರುವಾರ ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕುಳಿತಲ್ಲೇ ತೀರಿಕೊಂಡರು. ಹೃದಯಾಘಾತ ಎಂದರು ವೈದ್ಯರು.

ಮೊದಲ ವರ್ಷದವರಿಗೆ ಭಾಷಣ ಕಲಿಸುವುದು ಅವರ ಕೆಲಸ. "ಮನೇಲಿ ನನಗೆ ಬಾಯಿ ತೆರೆಯೋಕೆ ಬಿಡಲ್ಲ, ಅಲ್ಲಿ ಊರಿಗೆಲ್ಲ ಮಾತು ಕಲಿಸ್ತಾಳೆ" ಎಂದು ಗಂಡ ಬಂದವರೆದುರು ದೂರುವುದಿತ್ತು. ಮೇಡಂ ನಗುತ್ತಿದ್ದರು; ಬಾಯಿ ತೆರೆಯಲು ಮಾತ್ರ ಬಿಡುತ್ತಿರಲಿಲ್ಲ.

ಬೇರೆಯವರ ತರಗತಿಗಳಲ್ಲಿ ಒಬ್ಬ ವೇದಿಕೆಯ ಮೇಲೆ ಬೆವರುತ್ತಿದ್ದರೆ ಮಿಕ್ಕವರು ತೂಕಡಿಸುತ್ತಿದ್ದರು. ಮೇಡಂ ಐದೈದು ಕುರ್ಚಿಗಳನ್ನು ದುಂಡಗೆ ಹಾಕಿಸಿ, ಗುಂಪಿಗೊಂದು ವಿಷಯ ಕೊಟ್ಟು, "ಕಿತ್ತಾಡಿಕೊಳ್ಳಿ" ಎಂದು ಬಿಟ್ಟುಬಿಡುತ್ತಿದ್ದರು. ಮೊದಮೊದಲು ತಾವೂ ಜೊತೆಗೆ ಕೂರುತ್ತಿದ್ದರಂತೆ. ಕೂತೊಡನೆ ಎಲ್ಲರೂ ಅವರ ಮುಖ ನೋಡಿಕೊಂಡು ಪಾಠ ಒಪ್ಪಿಸುತ್ತಿದ್ದರು. ಆಮೇಲೆ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಲ್ಲುವುದನ್ನು ಕಲಿತರು. ಕಿವಿ ಮಾತ್ರ ಮಕ್ಕಳ ಕಡೆಗೇ.

ಪ್ರಾಂಶುಪಾಲರಿಗೆ ಇದೆಲ್ಲ ಬರೀ ಸಂತೆ. ಈ ಸಲ ಕಡ್ಡಿ ಮುರಿದಂತೆ ಹೇಳಿದ್ದರು: "ಗುರುವಾರ ನಾನೇ ಬರ್ತೀನಿ. ಒಬ್ಬೊಬ್ಬರೇ ನಿಂತು ಮಾತಾಡ್ಲಿ. ತಡವರಿಸಿದ್ರೆ ನಿಮ್ಮ ಗುಂಪು ಗಿಂಪು ಇಲ್ಲಿಗೇ ಬಂದ್."

ಆ ಗುರುವಾರ ಮಧ್ಯಾಹ್ನ ನಾಲ್ಕೈದು ಜನ ಹೇಗೋ ದಡ ಸೇರಿದರು. ಆಮೇಲೆ ಎದ್ದವಳು, ಬಾಯಿ ಬಿಡುವುದೇ ಅಪರೂಪವೆಂದು ಗೆಳತಿಯರೆಲ್ಲ "ಬೀಗ" ಎಂದು ಕರೆಯುತ್ತಿದ್ದ ಹುಡುಗಿ. ವಿಷಯ, ಗ್ರಂಥಾಲಯ ಭಾನುವಾರವೂ ತೆರೆದಿರಬೇಕೇ ಎಂಬುದು. ಬಾಯಿ ತೆರೆದಳು, ಮಾತು ಬರಲಿಲ್ಲ. ಪ್ರಾಂಶುಪಾಲರು ಪೆನ್ನಿನ ಮುಚ್ಚಳ ತೆಗೆದರು. ಕಿಟಕಿಯ ಬಳಿ ಮೇಡಂ ಬೆನ್ನು ತಿರುಗಿಸಿಯೇ ನಿಂತಿದ್ದರು.

ಅವಳ ಗುಂಪಿನ ಒಬ್ಬಳು ಅಭ್ಯಾಸಬಲದಿಂದ ಕೂತಲ್ಲಿಂದಲೇ ಕೆಣಕಿದಳು: "ಅಲ್ವೇ, ಗ್ರಂಥಪಾಲಕರಿಗೆ ರಜ ಬೇಡ್ವೇನೇ?"

"ಸೋಮವಾರ ತಗೊಳ್ಳಲಿ. ಸೋಮವಾರ ಅಲ್ಲಿಗೆ ಯಾರು ಬರ್ತಾರೆ? ನೀನಂತೂ ಪರೀಕ್ಷೆ ಹತ್ತಿರ ಬರೋ ತನಕ ಆ ಕಡೆ ತಲೆ ಹಾಕಿ ಮಲಗಲ್ಲ!"

ತರಗತಿ ಘೊಳ್ಳೆಂದಿತು. ಬೀಗದ ಮಾತು ಹರಿಯತೊಡಗಿತು: ವಾರವಿಡೀ ಕೆಲಸಕ್ಕೆ ಹೋಗುವವರು, ಓದಲು ಮನೆಯಲ್ಲಿ ಮೂಲೆಯೂ ಇಲ್ಲದವರು, ಎಲ್ಲರೂ ಅದರಲ್ಲಿ ಬಂದರು.

"ಮಧ್ಯೆ ಬಾಯಿ ಹಾಕಿದ್ರೆ ಅದು ಭಾಷಣ ಹೇಗಾಗುತ್ತೆ ಮೇಡಂ?" ಎಂದರು ಪ್ರಾಂಶುಪಾಲರು.

"ನಾವಿಬ್ರೂ ಇಷ್ಟು ವರ್ಷ ಜಗಳ ಆಡಿದ್ವಲ್ಲ ಸರ್, ಒಬ್ಬರೇ ಆಡೋಕಾಗ್ತಿತ್ತಾ?"

ಪ್ರಾಂಶುಪಾಲರು ಬೀಗದ ಕಡೆ ತಿರುಗಿ, "ಅದಿರಲಿ ಕಣಮ್ಮ, ಭಾನುವಾರ ಬಾಗಿಲು ಕಾಯೋರು ಯಾರು?" ಎಂದರು. ಅವಳು ಹೇಳಿದಳು. ಅವರು ಒಪ್ಪಲಿಲ್ಲ. ಇನ್ನೊಬ್ಬಳು ಎದ್ದಳು. ಪ್ರಾಂಶುಪಾಲರು ಕುರ್ಚಿಯನ್ನು ಹುಡುಗಿಯರತ್ತ ಎಳೆದುಕೊಂಡರು. ಪೆನ್ನು ಮೇಜಿನ ಮೇಲೇ ಉಳಿಯಿತು.

ಗಂಟೆ ಹೊಡೆಯಿತು. ಮುಂದಿನ ಪಾಠದ ಇತಿಹಾಸದ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ಮೇಡಂ ಬೆರಳನ್ನು ತುಟಿಗಿಟ್ಟುಕೊಂಡು, ಅವರ ತೋಳು ಹಿಡಿದು ಹೊರಗೆ ಕರೆತಂದರು.

"ಐದು ನಿಮಿಷ ಬಿಟ್ಟುಕೊಡಿ ಮೇಷ್ಟ್ರೇ. ಸರ್ ಗುಂಪಲ್ಲಿ ಕೂತಿದ್ದಾರೆ" ಎಂದು ಪಿಸುಗುಟ್ಟಿ, ನಗು ತಡೆಯಲಾಗದೆ, ನೀರು ಕುಡಿಯಲು ಸ್ಟಾಫ್ ರೂಮಿಗೆ ಹೋದರು.